ಹಾಲುಬ್ಯಾಣದ ಸುತ್ತು

ಇಪ್ಪತ್ತಾರು ವರ್ಷ ಈ ಸ್ಟಾಪಿನಲ್ಲಿ ಬ್ರೇಕು ಒತ್ತಿದ್ದೇನೆ,
ಇಳಿದದ್ದು ಇವತ್ತು.
ಸಕಲೇಶಪುರದಿಂದ ಏಳೂವರೆಯ ಬಸ್ಸು. ಹುಡುಗ ಡ್ರೈವರು
ಗೇರು ಬದಲಿಸಿದಾಗಲೆಲ್ಲ
ರಿಟೈರಾದ ನನ್ನ ಎಡಗಾಲು ಸುಮ್ಮನೆ ಅಲುಗುತ್ತಿತ್ತು.

ಕೆಂಚಕ್ಕ ಕಾಯುತ್ತಿದ್ದಳು, ಸೊಂಟದಲ್ಲಿ ಕುಡುಗೋಲು.
ಹುಲ್ಲಿನ ಹೊರೆಗೆ ಲಗೇಜು ಹರಿದ ಕಂಡಕ್ಟರನ ಮೇಲೆ
ಅವಳು ಹೂಡಿದ ಜಗಳ ಹದಿನೇಳು ಬೇಸಿಗೆ ನಡೆದಿತ್ತು;
ಕನ್ನಡಿಯಲ್ಲಿ ನೋಡುತ್ತಿದ್ದೆ, ಮಾತಾಡಿರಲಿಲ್ಲ.
"ಹೋದ ದಾರೀಲಿ ವಾಪಸ್ ಬರೋಳಲ್ಲ ನಾನು.
ಒಂದು ಸುತ್ತು ಹಾಕಿ ಇಲ್ಲಿಗೇ ಬಿಡ್ತೀನಿ, ಸಂಜೆ ಬಸ್ಸಿಗೆ."

ಮೊದಲು ಬ್ಯಾಣ.
ಪುಷ್ಯದ ಹುಲ್ಲು, ಗಾಳಿ ತಳ್ಳಿದ ಕಡೆ ಮಲಗಿ ಏಳುತ್ತದೆ,
ನಡುವೆ ಗಿಡ್ಡ ಈಚಲು, ಒಂಟಿ ನೆಲ್ಲಿ, ನೆರಳೆಂಬುದಿಲ್ಲ.
ನನ್ನ ಮಂಡಿ ಏರನ್ನು ಎರಡನೇ ಗೇರಿನಲ್ಲಿ ಹತ್ತಿತು.
ನೆತ್ತಿಯಲ್ಲಿ ವೀರಗಲ್ಲು.
ಕೆಳಗಿನ ಅಂಕಣ ಮಣ್ಣು ಪಾಲು: ಕಾಳಗವೆಲ್ಲ ಹೂತುಹೋಗಿ
ಸ್ವರ್ಗ ಮಾತ್ರ ಮೇಲೆ ಉಳಿದಿದೆ.
ಇಬ್ಬರು ಅಪ್ಸರೆಯರ ತೋಳಿನಲ್ಲಿ ಮೂಗು ಸವೆದ ಒಬ್ಬ,
ಯಾರ ದನಕ್ಕೆ, ಯಾರ ಉಪ್ಪಿಗೆ ಸತ್ತನೋ.
ಕೆಂಚಕ್ಕ ಕಲ್ಲಿನ ಅಂಚಿಗೆ ನೀರು ಚಿಮುಕಿಸಿ
ಕುಡುಗೋಲು ಮಸೆದಳು. ಅಲ್ಲೊಂದು ನುಣುಪಾದ ಗುಳಿ,
ಅವಳದು, ಅವಳತ್ತೆಯದು, ಅತ್ತೆಯ ಅತ್ತೆಯದು.
"ಏನೂ ಅನ್ನಲ್ಲ ಇವನು."

ಆಮೇಲೆ ಕಾನು.
ಯಾರೋ ಬಾಗಿಲು ಎಳೆದುಕೊಂಡ ಹಾಗೆ ಬಿಸಿಲು ನಿಂತಿತು.
ಅಗಳು, ಯಾವ ಪಾಳೇಗಾರನ ಆಳುಗಳು ತೋಡಿದ್ದೋ,
ಆನೆ ಇಳಿಯದಷ್ಟು ಆಳವಿತ್ತಂತೆ, ಈಗ ಎದೆಮಟ್ಟ,
ತಳದಲ್ಲಿ ಹೆಬ್ಬಲಸಿನ ಕೊಳೆತ ಎಲೆ.
ಸಿಳ್ಳಾರವೊಂದು ಅರ್ಧ ಶಿಳ್ಳೆ ಹಾಕಿ
ಪಾಠ ಮರೆತ ಹುಡುಗನಂತೆ ನಿಲ್ಲಿಸಿತು.

"ಜರ್ಮನ್ ಯುದ್ಧದ ಕಾಲ. ಲೆವಿ ಭತ್ತ ಅಳೆಯೋಕೆ ಅಮಲ್ದಾರ ಬಂದಾಗ
ಊರಿನ ಬಿತ್ತನೆಯೆಲ್ಲ ಈ ಅಗಳಲ್ಲಿತ್ತು, ಬೈನೆ ಗರಿ ಮುಚ್ಚಿ.
ಕಾವಲಿಗೆ ನಮ್ಮತ್ತೆಯ ಅಕ್ಕ, ತಿಪ್ಪಮ್ಮ. ಒಂಬತ್ತು ರಾತ್ರಿ.
ಹಂದಿ ಬಂದ್ರೂ ಕೂಗೋ ಹಂಗಿಲ್ಲ, ಬೆಂಕಿ ಹಾಕೋ ಹಂಗಿಲ್ಲ."
"ಆಮೇಲೆ?"
"ಆಮೇಲೇನು, ಚಳಿಜ್ವರ. ಬಿತ್ತನೆ ಉಳೀತು."

ಅವಳ ಕಲ್ಲು ಎಲ್ಲಿದೆ ಎಂದು ಕೇಳಲು ಬಾಯಿ ತೆರೆದೆ.
ಕೆಂಚಕ್ಕ ಆಗಲೇ ಹತ್ತು ಹೆಜ್ಜೆ ಮುಂದಿದ್ದಳು.

ಇಳಿಜಾರಿನಲ್ಲಿ ದುಂಡನೆಯ ಮಟ್ಟಸ ಜಾಗ,
ಸ್ವಲ್ಪ ದೂರಕ್ಕೆ ಮತ್ತೊಂದು. ಅಲ್ಲಿ ಮರ ದಪ್ಪವಾಗಿಲ್ಲ.
ಕಡ್ಡಿಯಲ್ಲಿ ಕೆದಕಿದರೆ ಕಪ್ಪು.
ಇದ್ದಿಲ ಗೂಡುಗಳು.
ಪೆಟ್ರೋಲು ಸಿಗದ ಆ ವರ್ಷಗಳಲ್ಲಿ ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ
ಇದ್ದಿಲಲ್ಲಿ ಓಡಿಸುತ್ತಿದ್ದರು, ಏರು ಬಂದರೆ
ಟಿಕೆಟ್ಟು ಕೊಂಡವರೇ ಇಳಿದು ತಳ್ಳುತ್ತಿದ್ದರು—
ಡಿಪೋದ ಹಳಬರು ಹೇಳಿದಾಗ ನಕ್ಕಿದ್ದೆ.
ಇಲ್ಲಿಂದಲೇ ಹೋದವು ಮತ್ತಿ, ಜಂಬೆ, ನೇರಳೆ,
ನನ್ನದೇ ರೂಟಿನಲ್ಲಿ, ಹೊಗೆಯಾಗಿ.
ಗುಂಡು ಹಾರಿದ್ದು ಏಳು ಕಡಲಾಚೆ.
ಏಳು ದುಂಡು ಎಣಿಸಿದೆ. ಎಂಟನೆಯದರಲ್ಲಿ ಕೂತು
ಅಕ್ಕಿರೊಟ್ಟಿ ತಿಂದೆವು, ಗಾಂಧಾರಿ ಮೆಣಸಿನ ಚಟ್ನಿ.
ಕಣ್ಣಲ್ಲಿ ನೀರು ಬಂತು. ಖಾರಕ್ಕೆ.

ಹಳ್ಳ ದಾಟಿದರೆ ಮತ್ತೆ ಬ್ಯಾಣ, ಈ ಸಲ ಪಡುವಣದ ಮಗ್ಗುಲು,
ಬೆಳಗ್ಗೆ ನೋಡಿದ ಕಲ್ಲು ದೂರದಲ್ಲಿ
ಹೊರೆ ಇಳಿಸಿ ನಿಂತ ಯಾರೋ ಹೆಂಗಸಿನ ಹಾಗೆ ಕಂಡಿತು.
ಹಾಗೆ ಹೇಳಿದೆ.
ಕೆಂಚಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು,
ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಸ್ಟಾಪಿನ ತಂಗುದಾಣದ ಗೋಡೆಯಲ್ಲಿ ಕರಿಕಲ್ಲು:
ಶಾಸಕರ ನಿಧಿ, ಒಂದೂಕಾಲು ಲಕ್ಷ, ಉದ್ಘಾಟಿಸಿದವರ ಹೆಸರು.
ಅದಕ್ಕೆ ಹೊರೆ ಒರಗಿಸಿ ಕೂತಳು ಕೆಂಚಕ್ಕ.
ಬಸ್ಸು ಬಂತು. ಹತ್ತಿದೆ. ಮೆಟ್ಟಿಲ ಮೇಲೆ
ನನ್ನ ಚಪ್ಪಲಿಯ ಕಪ್ಪು ಗುರುತು, ಎರಡು, ಮೂರು.

ಮೊದಲ ತಿರುವಿನ ಏರಿಗೆ ಎಂಜಿನ್ನು ಏದುಸಿರುಬಿಟ್ಟಿತು.
ಕಿಟಕಿ ಪಕ್ಕದ ಸೀಟಿನಲ್ಲಿ ನಾನು
ತುಸು ಮುಂದಕ್ಕೆ ಬಾಗಿದೆ,
ತಳ್ಳುವವನ ಹಾಗೆ.